ಪದವೀಧರರು ಗ್ರಾಮ ಸಭೆಗೆ ಏಕೆ ಬರುವುದಿಲ್ಲ?

ಪ್ರಶ್ನೆ: ನಮ್ಮ ಊರಿನಲ್ಲಿ ಈಗ ಪದವಿ ಓದಿದವರಿಗೇನೂ ಕೊರತೆಯಿಲ್ಲ. ಆದರೆ ಗ್ರಾಮ ಸಭೆಗೆ ಬಂದು ಬಾಯಿ ಬಿಟ್ಟು ಕೇಳುವವರು ಓದನ್ನು ಅರ್ಧಕ್ಕೆ ಬಿಟ್ಟ ನಮ್ಮಂಥ ರೈತರೇ. ಉನ್ನತ ಶಿಕ್ಷಣದಿಂದ ಪ್ರಜಾಪ್ರಭುತ್ವ ಬಲಗೊಳ್ಳುತ್ತದೆ ಎಂಬ ಮಾತು ನಿಜವೇ?
– ಓದುಗರೊಬ್ಬರು, ಮಾನ್ವಿ ತಾಲ್ಲೂಕು, ರಾಯಚೂರು ಜಿಲ್ಲೆ

ಉತ್ತರ: ನಿಮ್ಮ ಬೇಸರ ನ್ಯಾಯವಾದದ್ದು. ಪದವಿ ಪಡೆದ ಮಾತ್ರಕ್ಕೆ ಯಾರಿಗೂ ಸಾರ್ವಜನಿಕ ಕೆಲಸದಲ್ಲಿ ಆಸಕ್ತಿ ಹುಟ್ಟುವುದಿಲ್ಲ. ಸರ್ಕಾರಿ ಕಾಗದಪತ್ರವನ್ನು ಓದಿ ಅರ್ಥಮಾಡಿಕೊಳ್ಳುವುದು, ನಾಲ್ಕು ಜನರ ನಡುವೆ ಎದ್ದು ನಿಂತು ಪ್ರಶ್ನಿಸುವುದು, ತನಗೆ ಒಪ್ಪಿಗೆಯಾಗದ ಮಾತನ್ನೂ ಕೊನೆಯವರೆಗೆ ಕೇಳಿಸಿಕೊಳ್ಳುವುದು, ಇವನ್ನು ಕಾಲೇಜು ರೂಢಿ ಮಾಡಿಸಿದಾಗ ಮಾತ್ರ ಆ ಮಾತು ನಿಜವಾಗುತ್ತದೆ.

ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ವಿಶೇಷ ಸ್ಥಾನಮಾನ ನೀಡುವ, ಸಂವಿಧಾನದ 371(ಜೆ) ವಿಧಿಯನ್ನೇ ನೋಡಿ. ದೀರ್ಘಕಾಲದ ಹೋರಾಟದ ಫಲವಾಗಿ 2012ರಲ್ಲಿ ಸಂಸತ್ತು ಅಂಗೀಕರಿಸಿದ ಸಂವಿಧಾನ ತಿದ್ದುಪಡಿಯಿಂದ ಬಂದ ಈ ವಿಧಿಯನ್ನು ಬಳ್ಳಾರಿ, ಕೊಪ್ಪಳ, ರಾಯಚೂರಿನ ವಿದ್ಯಾರ್ಥಿಗಳಲ್ಲಿ ಬಹುಪಾಲು ಮಂದಿ ಸೀಟು ಮತ್ತು ನೌಕರಿಗಾಗಿ ಪಡೆಯುವ ಅರ್ಹತಾ ಪ್ರಮಾಣಪತ್ರವಾಗಿಯಷ್ಟೇ ಬಲ್ಲರು. ಆ ಮೀಸಲಾತಿ ಅವರ ಹಕ್ಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಪ್ರದೇಶಕ್ಕೆ ಪ್ರತ್ಯೇಕ ಅಭಿವೃದ್ಧಿ ಮಂಡಳಿ ಇರಬೇಕು, ಅದರ ಕಾರ್ಯನಿರ್ವಹಣೆಯ ವರದಿಯನ್ನು ಪ್ರತಿವರ್ಷ ವಿಧಾನಸಭೆಯ ಮುಂದಿಡಬೇಕು ಎಂಬುದೂ ಅದೇ ವಿಧಿಯಲ್ಲಿದೆ. ಈ ವಿಧಿಯ ಆಧಾರದಲ್ಲಿ ಸೀಟು ಪಡೆದ ವಿದ್ಯಾರ್ಥಿಯ ಕೈಗೆ ಮೂರು ವರ್ಷಗಳ ಓದಿನಲ್ಲಿ ಒಮ್ಮೆಯಾದರೂ ಆ ವರದಿ ಬರಬೇಕು, ತನ್ನ ತಾಲ್ಲೂಕಿಗೆ ಎಷ್ಟು ಹಣ ಬಂತು, ಯಾವ ಕಾಮಗಾರಿ ನಿಂತಿದೆ ಎಂದು ಅವನು ಲೆಕ್ಕ ಹಾಕಬೇಕು. ಇದು ರಾಜ್ಯಶಾಸ್ತ್ರದವರಿಗೆ ಮಾತ್ರ ಮೀಸಲಾದ ಕೆಲಸವಲ್ಲ, ಬಿ.ಕಾಂ. ವಿದ್ಯಾರ್ಥಿಗೇ ಹೆಚ್ಚು ಹೊಂದುತ್ತದೆ.

ಇನ್ನು ನೀರಿನ ವಿಷಯ. ತುಂಗಭದ್ರಾ ಎಡದಂಡೆ ಕಾಲುವೆಯ ಮೇಲ್ಭಾಗದಲ್ಲಿರುವ ಗಂಗಾವತಿಯ ಭತ್ತದ ರೈತರ ಮಗನೂ, ಕೊನೆ ಭಾಗದಲ್ಲಿ ನೀರಿಗಾಗಿ ಕಾಯುವ ನಿಮ್ಮ ಮಾನ್ವಿಯ ರೈತರ ಮಗಳೂ ರಾಯಚೂರಿನ ಒಂದೇ ತರಗತಿಯಲ್ಲಿ ಕೂರುವ ಸಾಧ್ಯತೆಯಿದೆ. ನೀರು ಬಿಡುವ ದಿನಾಂಕ, ಅಕ್ರಮ ಪಂಪ್‌ಸೆಟ್, ಬೆಳೆ ಪದ್ಧತಿ ಇವುಗಳ ಬಗ್ಗೆ ಕಾಲುವೆಯ ದಂಡೆಯ ಮೇಲೆ ಜಗಳವಾಗಿ ಬಿಡುವ ಮಾತು, ಮೇಷ್ಟ್ರ ಎದುರು ಅಂಕಿ-ಅಂಶ ಹಿಡಿದು ಆಡಿದಾಗ ಚರ್ಚೆಯಾಗುತ್ತದೆ. ಬೇರೆ ಊರು, ಬೇರೆ ಜಾತಿ, ಬೇರೆ ಹಿತಾಸಕ್ತಿಯ ಯುವಜನರು ಸಮಾನರಾಗಿ ಕುಳಿತು ಮಾತಾಡುವ ಇಂಥ ಜಾಗ ನಮ್ಮ ಸಮಾಜದಲ್ಲಿ ಬೇರೆಲ್ಲಿದೆ? ಅದನ್ನು ನೋಟ್ಸ್ ಬರೆಸುವುದಕ್ಕಷ್ಟೇ ಬಳಸುವುದು ನನಗೆ ಬಹಳ ನೋವಿನ ಸಂಗತಿ.

ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿದ ಮೇಲೆ, ಪದವಿ ತರಗತಿಯಲ್ಲಿ ಕೂತವರು ಬಹುತೇಕ ಮತದಾರರೇ ಎಂಬುದನ್ನೂ ಕಾಲೇಜುಗಳು ಮರೆಯಬಾರದು.

ನೀವು ಮಾಡಬಹುದಾದ ಕೆಲಸವೂ ಒಂದಿದೆ. ಕಾಲೇಜುಗಳ ಎನ್‌ಎಸ್‌ಎಸ್ (ರಾಷ್ಟ್ರೀಯ ಸೇವಾ ಯೋಜನೆ) ಘಟಕಗಳು ವರ್ಷಕ್ಕೊಮ್ಮೆ ಹಳ್ಳಿಯಲ್ಲಿ ಏಳು ದಿನಗಳ ವಿಶೇಷ ಶಿಬಿರ ನಡೆಸುತ್ತವೆ. ನಿಮ್ಮ ಊರಿಗೆ ಶಿಬಿರ ಬಂದರೆ, ಶ್ರಮದಾನದ ಜೊತೆಗೆ ಒಂದು ದಿನವನ್ನು ಪಂಚಾಯಿತಿಯ ಕ್ರಿಯಾ ಯೋಜನೆ ಓದುವುದಕ್ಕೆ ಮೀಸಲಿಡುವಂತೆ ಶಿಬಿರಾಧಿಕಾರಿಯನ್ನು ಕೇಳಿ. ಕಾಗದದಲ್ಲಿ ಬರೆದಿರುವ ಚರಂಡಿಯ ಉದ್ದವನ್ನು ವಿದ್ಯಾರ್ಥಿಗಳು ಟೇಪು ಹಿಡಿದು ಅಳೆದು ನೋಡಲಿ, ಮುಂದಿನ ಗ್ರಾಮ ಸಭೆಗೆ ನಿಮ್ಮ ಊರಿನ ಪದವೀಧರರು ಆ ಅಳತೆಯನ್ನು ತೆಗೆದುಕೊಂಡು ಬರಲಿ.