ತೋಡಿಗೆ ಕಸ, ಊರಿಗೆ ಏನು?

ಪ್ರಶ್ನೆ: ನಮ್ಮದು ಕೊಡಗಿನ ಕಕ್ಕಬ್ಬೆ ಹತ್ತಿರದ ಊರು. ತಡಿಯಂಡಮೋಳ್ ಬೆಟ್ಟ ಹತ್ತಲು ಬರುವವರಿಗೆಂದು ಐದಾರು ಹೋಂಸ್ಟೇಗಳಾಗಿವೆ. ಕೆಲವನ್ನು ಹೊರಗಿನವರು ಲೀಸಿಗೆ ಪಡೆದು ನಡೆಸುತ್ತಾರೆ. ಕಸ ನಮ್ಮ ತೋಡಿಗೆ (ಊರ ಹಳ್ಳಕ್ಕೆ), ಶನಿವಾರ ರಾತ್ರಿಯ ಗದ್ದಲ ನಮ್ಮ ಕಿವಿಗೆ. ಊರಿನ ಹುಡುಗರಿಗೆ ಕೆಲಸವೂ ಇಲ್ಲ. ಮಾತಾಡಿದರೆ ಪ್ರವಾಸೋದ್ಯಮಕ್ಕೆ ಅಡ್ಡಿ ಅನ್ನುತ್ತಾರೆ. ಏನು ಮಾಡಲಿ ಅಕ್ಕ?

ಉತ್ತರ: ತಮ್ಮಾ, ನಾನೂ ಭಾಗಮಂಡಲದ ಕಡೆ ತೋಟದ ಮನೆಯಲ್ಲಿ ಮೂರು ಕೋಣೆ ಕೊಡುವವಳು. ಮೊದಲ ವರ್ಷ ಅತಿಥಿಗಳಿಗೆ ಬೇಕಾದ ಜೇನು, ಉಪ್ಪಿನಕಾಯಿ, ತರಕಾರಿ ಎಲ್ಲ ಮಡಿಕೇರಿಯ ಅಂಗಡಿಯಿಂದಲೇ ತಂದೆ. ಪಕ್ಕದ ಮನೆಯ ಅಕ್ಕ ಜೇನುಪೆಟ್ಟಿಗೆ ಇಟ್ಟಿದ್ದರೂ ಒಂದು ಬಾಟಲಿ ಕೇಳಲಿಲ್ಲ. ಮಳೆಗಾಲ ಮುಗಿದ ಮೇಲೆ ಅವರು ತೋಡಿನಲ್ಲಿ ಸಿಕ್ಕ ಪ್ಲಾಸ್ಟಿಕ್ಕನ್ನು ಗೋಣಿಯಲ್ಲಿ ತುಂಬಿ ನನ್ನ ಜಗಲಿಯ ಮೇಲಿಟ್ಟು, ಒಂದೂ ಮಾತಾಡದೆ ಹೋದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಈಗ ಜೇನು ಅವರದು, ಬೆಳಗಿನ ಅಕ್ಕಿತರಿಯ ಕಡಂಬುಟ್ಟು ಅವರ ಸೊಸೆಯ ಕೈಯದು, ಜೀಪು ಕೆಳಮನೆಯ ಹುಡುಗನದು. 2018ರ ಆಗಸ್ಟ್‌ನಲ್ಲಿ ಜಿಲ್ಲೆಯ ಗುಡ್ಡಗಳು ಕುಸಿದು ಅತಿಥಿಗಳು ಬರುವುದು ನಿಂತಾಗ, ನನ್ನ ಮನೆಯ ದಾರಿಯ ಮಣ್ಣು ತೆಗೆದವರು ಈ ನೆರೆಯವರೇ.

ಈಗ ನಿಮ್ಮ ವಿಷಯ. ಹೋಂಸ್ಟೇ ಅಂದರೆ ಮನೆಯವರು ವಾಸವಿರುವ ಮನೆಯಲ್ಲಿ ಅತಿಥಿಗೊಂದು ಕೋಣೆ. ಮಾಲೀಕರೇ ಇಲ್ಲದ ಮನೆಯನ್ನು ಹಾಗೆ ಕರೆಯಬಹುದೇ ಎಂದು ಗ್ರಾಮಸಭೆಯಲ್ಲಿ ಕೇಳಿ. ಆರು ತಿಂಗಳಿಗೊಮ್ಮೆಯಾದರೂ ಸಭೆ ಸೇರಬೇಕೆಂದು ಕಾನೂನೇ ಹೇಳುತ್ತದೆ. ಕಸ ಯಾರು ಒಯ್ಯುತ್ತಾರೆ, ಶೌಚಗುಂಡಿಯ ನೀರು ಎಲ್ಲಿಗೆ, ಬೆಟ್ಟಕ್ಕೆ ದಾರಿ ತೋರಿಸುವವರು ಊರಿನವರೇ ಯಾಕಲ್ಲ — ಒಂದೊಂದನ್ನೂ ನಡಾವಳಿಯಲ್ಲಿ ಬರೆಸಿ. ರಾತ್ರಿ ಹತ್ತರಿಂದ ಬೆಳಗ್ಗೆ ಆರರವರೆಗೆ ಧ್ವನಿವರ್ಧಕಕ್ಕೆ ನಿಷೇಧವಿದೆ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ದೂರು ಕೊಡಿ. ದೇವರಕಾಡಿನ ಒಳಗೆ ಪ್ರವಾಸಿಗರನ್ನು ಕರೆದೊಯ್ಯಬಾರದೆಂಬುದನ್ನೂ ಅಲ್ಲೇ ಹೇಳಿಬಿಡಿ, ಇದನ್ನು ಕಾಯಲು ನಮ್ಮ ಹಿರಿಯರಿಗೆ ಬೋರ್ಡು ಬೇಕಿರಲಿಲ್ಲ.

ಮೊದಲು ಊರಿನ ಹೆಂಗಸರನ್ನು ಮಾತಾಡಿಸಿ. ತೋಡಿನ ನೀರು ಹೊತ್ತವರು ಅವರು, ಅದು ಕಾವೇರಿಗೆ ಸೇರುವ ನೀರೆಂದು ಅವರಿಗೆ ಯಾರೂ ಹೇಳಬೇಕಿಲ್ಲ. ಸಭೆಗೆ ಒಬ್ಬರೇ ಹೋಗಬೇಡಿ, ಹತ್ತು ಮನೆಯವರ ಸಹಿ ಇರಲಿ. ಹೋಗುವಾಗ ತೋಡಿನಲ್ಲಿ ಸಿಕ್ಕ ಕಸದ ಒಂದು ಗೋಣಿಯನ್ನೂ ಹೊತ್ತುಕೊಂಡು ಹೋಗಿ.