ಲೈಸೆನ್ಸ್ ಇದ್ದರೆ ಸಾಕೇ? ವಿದೇಶಕ್ಕೆ ಹೊರಟ ನರ್ಸ್‌ಗಳ ಪ್ರಶ್ನೆಗಳಿಗೆ ಉತ್ತರ

ಕಾರವಾರದಿಂದ ಭಟ್ಕಳದವರೆಗೆ, ಘಟ್ಟದ ಮೇಲಿನ ಶಿರಸಿ, ಯಲ್ಲಾಪುರ, ಸಿದ್ದಾಪುರಗಳಿಂದಲೂ ನರ್ಸ್‌ಗಳು ಮತ್ತು ಅವರ ಮನೆಯವರು ಈ ಸಲ ಪತ್ರ ಬರೆದಿದ್ದಾರೆ. ಬಹುತೇಕ ಪತ್ರಗಳಲ್ಲಿ ಇರುವುದು ಒಂದೇ ಗೊಂದಲ. ನರ್ಸಿಂಗ್ ಲೈಸೆನ್ಸ್, ವೀಸಾ, ಕೆಲಸದ ಅನುಮತಿ, ಈ ಮೂರೂ ಒಂದೇ ಎಂದು ತಿಳಿದಿದ್ದಾರೆ. ಲೈಸೆನ್ಸ್ ಕೊಡುವುದು ಅಲ್ಲಿನ ನರ್ಸಿಂಗ್ ಮಂಡಳಿ, ಉಳಿದೆರಡನ್ನು ಕೊಡುವುದು ಆ ದೇಶದ ಸರ್ಕಾರ. ಮಂಡಳಿ ಹೂಂ ಎಂದ ಮಾತ್ರಕ್ಕೆ ಸರ್ಕಾರ ಹೂಂ ಎನ್ನಬೇಕೆಂದಿಲ್ಲ.

ಪ್ರಶ್ನೆ: ಬಿಎಸ್ಸಿ ನರ್ಸಿಂಗ್ ಮುಗಿಸಿ ನ್ಯೂಯಾರ್ಕ್ ರಾಜ್ಯದ ಮೂಲಕ ಅಮೆರಿಕದ ನರ್ಸಿಂಗ್ ಲೈಸೆನ್ಸ್ ಪರೀಕ್ಷೆಯಾದ ಎನ್‌ಕ್ಲೆಕ್ಸ್ ಪಾಸಾಗಿದ್ದೇನೆ. ಅಮೆರಿಕದ ಆಸ್ಪತ್ರೆಯೊಂದು ಗ್ರೀನ್ ಕಾರ್ಡ್‌ಗೆ ಸ್ಪಾನ್ಸರ್ ಮಾಡಲು ಸಿದ್ಧವಿದೆ. ಎರಡು ವರ್ಷದಲ್ಲಿ ಹೋಗಬಹುದು ಎನ್ನುತ್ತಾನೆ ಏಜೆಂಟ್. ನಿಜವೇ? ನನ್ನ ಗಂಡನ ಮನೆ ಹೊನ್ನಾವರ, ಆದರೆ ಅವರು ಹುಟ್ಟಿದ್ದು ಮಸ್ಕತ್‌ನಲ್ಲಿ. ನಮಗೆ 11 ವರ್ಷದ ಮಗಳಿದ್ದಾಳೆ. (ಶಿರಸಿ)

ಉತ್ತರ: ಏಜೆಂಟ್ ಹೇಳಿದ ಲೆಕ್ಕ ಭಾರತದಲ್ಲಿ ಹುಟ್ಟಿದವರಿಗೆ ಅನ್ವಯಿಸುವುದಿಲ್ಲ. ಆದರೆ ನೀವು ಪತ್ರದ ಕೊನೆಗೆ ಬರೆದ ಮಸ್ಕತ್‌ನ ಮಾತೇ ನಿಮ್ಮ ಅರ್ಜಿಯ ಜೀವಾಳ.

ಅಮೆರಿಕದಲ್ಲಿ ನರ್ಸ್ ಹುದ್ದೆಯನ್ನು ಕೊರತೆಯ ಹುದ್ದೆ ಎಂದು ಮೊದಲೇ ಪಟ್ಟಿ ಮಾಡಿದ್ದಾರೆ. ಅದಕ್ಕೆ 'ಶೆಡ್ಯೂಲ್ ಎ' ಎಂದು ಹೆಸರು. ಹಾಗಾಗಿ ಬೇರೆ ಉದ್ಯೋಗಗಳಂತೆ ಕಾರ್ಮಿಕ ಇಲಾಖೆಯ ಮುಂದೆ 'ಸ್ಥಳೀಯರು ಸಿಗಲಿಲ್ಲ' ಎಂದು ಸಾಬೀತು ಮಾಡಬೇಕಿಲ್ಲ. ಆಸ್ಪತ್ರೆ ಆ ಊರಿನ ಚಾಲ್ತಿ ಸಂಬಳ ಎಷ್ಟೆಂದು ಕಾರ್ಮಿಕ ಇಲಾಖೆಯಿಂದ ಬರೆಸಿಕೊಳ್ಳಬೇಕು. ಹುದ್ದೆಯ ನೋಟಿಸನ್ನು ಸತತ 10 ಕೆಲಸದ ದಿನ ಆಸ್ಪತ್ರೆಯಲ್ಲಿ ಅಂಟಿಸಬೇಕು. ಆಮೇಲೆ ಐ-140 ಎಂಬ ಗ್ರೀನ್ ಕಾರ್ಡ್ ಸ್ಪಾನ್ಸರ್ ಅರ್ಜಿಯನ್ನು ನೇರವಾಗಿ ವಲಸೆ ಇಲಾಖೆಗೆ ಹಾಕಬಹುದು. ನೀವು ಎನ್‌ಕ್ಲೆಕ್ಸ್ ಪಾಸಾದ ದಾಖಲೆ ಈ ಹಂತಕ್ಕೆ ಸಾಕು. ಇಲ್ಲಿಯವರೆಗೆ ತೊಡಕಿಲ್ಲ.

ಗಂಟು ಬೀಳುವುದು ಇದರ ನಂತರ. ನರ್ಸ್‌ಗಳು ಬರುವುದು ಉದ್ಯೋಗದ ಗ್ರೀನ್ ಕಾರ್ಡ್‌ನ ಮೂರನೆಯ ವರ್ಗವಾದ ಇಬಿ-3ರಲ್ಲಿ. ಉದ್ಯೋಗದ ಮೇಲೆ ಕೊಡುವ ಗ್ರೀನ್ ಕಾರ್ಡ್ ವರ್ಷಕ್ಕೆ ಸುಮಾರು 1,40,000, ಯಾವುದೇ ಒಂದು ದೇಶಕ್ಕೆ ಮಿತಿ ಶೇ. 7. ಐ-140 ಇಲಾಖೆಗೆ ತಲುಪಿದ ದಿನವೇ ನಿಮ್ಮ ಸರದಿಯ ದಿನಾಂಕ. ಯಾರ ಸರದಿ ಎಲ್ಲಿಗೆ ಬಂತು ಎಂಬುದು ಪ್ರತಿ ತಿಂಗಳ ವೀಸಾ ಬುಲೆಟಿನ್‌ನಲ್ಲಿ ಬರುತ್ತದೆ. 2025ರ ಅಕ್ಟೋಬರ್ ಬುಲೆಟಿನ್‌ನಲ್ಲಿ ಭಾರತದ ಇಬಿ-3 ಸರದಿ 2013ರ ಆಗಸ್ಟ್‌ನಲ್ಲಿತ್ತು. ಅಂದರೆ 12 ವರ್ಷ ಹಿಂದೆ ಅರ್ಜಿ ಹಾಕಿದವರ ಪಾಳಿ ಆಗ ಬಂದಿತ್ತು. ಈಗ ಅರ್ಜಿ ಹಾಕುವವರು ಅದಕ್ಕಿಂತ ಕಡಿಮೆ ಕಾಯುವ ಲಕ್ಷಣ ಇಲ್ಲ.

ಆದರೆ ಈ ಸರದಿಗೆ ಲೆಕ್ಕ ಪಾಸ್‌ಪೋರ್ಟ್ ಯಾವ ದೇಶದ್ದು ಎಂಬುದಲ್ಲ, ಹುಟ್ಟಿದ್ದು ಯಾವ ದೇಶದಲ್ಲಿ ಎಂಬುದು. ಗಂಡ ಅಥವಾ ಹೆಂಡತಿ ಹುಟ್ಟಿದ ದೇಶದ ಸರದಿಯನ್ನೂ ಬಳಸಿಕೊಳ್ಳಬಹುದು, ಇಬ್ಬರೂ ಒಟ್ಟಿಗೇ ವಲಸೆ ಹೋಗುವುದಾದರೆ. ನಿಮ್ಮವರು ಹುಟ್ಟಿದ್ದು ಒಮಾನ್‌ನಲ್ಲಿ. ಅದು 'ಉಳಿದ ದೇಶಗಳ' ಪಟ್ಟಿಯಲ್ಲಿದೆ. ಅದೇ ಅಕ್ಟೋಬರ್‌ನಲ್ಲಿ ಆ ಸರದಿ 2023ರ ಏಪ್ರಿಲ್‌ಗೆ ಬಂದಿತ್ತು. ಹನ್ನೆರಡು ವರ್ಷ ಎಲ್ಲಿ, ಎರಡೂವರೆ ವರ್ಷ ಎಲ್ಲಿ! ಭಟ್ಕಳ, ಹೊನ್ನಾವರ, ಕುಮಟಾ ಕಡೆ ಅಪ್ಪ ಗಲ್ಫ್‌ನಲ್ಲಿದ್ದಾಗ ಅಲ್ಲೇ ಹುಟ್ಟಿದವರು ಎಷ್ಟೋ ಮಂದಿ ಇದ್ದಾರೆ. ಅವರಲ್ಲಿ ಹೆಚ್ಚಿನವರಿಗೆ ಈ ಅವಕಾಶದ ಸುಳಿವೇ ಇಲ್ಲ.

ಇದು ತಾನಾಗಿಯೇ ಆಗುವುದಿಲ್ಲ, ಕೇಳಿ ಪಡೆಯಬೇಕು. ಒಮಾನ್ ಸರ್ಕಾರ ಕೊಟ್ಟ ಜನನ ಪ್ರಮಾಣಪತ್ರ, ಅರೇಬಿಕ್‌ನಲ್ಲಿದ್ದರೆ ಇಂಗ್ಲಿಷ್ ಅನುವಾದ, ಹುಟ್ಟಿದ ಊರು ಮಸ್ಕತ್ ಎಂದಿರುವ ಪಾಸ್‌ಪೋರ್ಟ್, ಮದುವೆ ನೋಂದಣಿ ಪತ್ರ, ಇಷ್ಟನ್ನು ಒಟ್ಟು ಮಾಡಿಡಿ. ಗಂಡನ ಹುಟ್ಟಿದ ದೇಶದ ಮೇಲೆ ಸರದಿ ಲೆಕ್ಕ ಹಾಕಿ ಎಂದು ವಕೀಲರು ಅಮೆರಿಕದ ರಾಷ್ಟ್ರೀಯ ವೀಸಾ ಕೇಂದ್ರಕ್ಕೆ ಬರೆದುಕೊಡಬೇಕು. ಅನುಕೂಲಕ್ಕೆಂದು ಯಾರೋ ಪಾಸ್‌ಪೋರ್ಟ್‌ನಲ್ಲಿ ಹುಟ್ಟಿದ ಊರು ಹೊನ್ನಾವರ ಎಂದು ಬರೆಸಿಟ್ಟಿದ್ದರೆ ಈಗಲೇ ತಿದ್ದಿಸಿ.

ಇನ್ನೊಂದು ತಪ್ಪು ಮಾಡಬೇಡಿ. ನಿಮ್ಮ ಓದು, ಲೈಸೆನ್ಸ್, ಇಂಗ್ಲಿಷ್ ಪರಿಶೀಲಿಸಿ ಕೊಡುವ ವೀಸಾಸ್ಕ್ರೀನ್ ಪ್ರಮಾಣಪತ್ರಕ್ಕೆ ಇವತ್ತೇ ದುಡ್ಡು ಕಟ್ಟಬೇಡಿ. ಅದು ಬೇಕಾಗುವುದು ಐ-140ಗಲ್ಲ, ಕೊನೆಯ ವೀಸಾ ಸಂದರ್ಶನಕ್ಕೆ. ಅದರ ಆಯುಷ್ಯ 5 ವರ್ಷ, ಅದಕ್ಕೆ ಬೇಕಾದ ಐಇಎಲ್‌ಟಿಎಸ್ ಇಂಗ್ಲಿಷ್ ಪರೀಕ್ಷೆಯ ಅಂಕಗಳ ಆಯುಷ್ಯ 2 ವರ್ಷ. ಸರದಿ ಹತ್ತಿರ ಬಂದಾಗ, ವರ್ಷವೊಂದು ಮುಂಚೆ ಶುರು ಮಾಡಿದರೆ ಸಾಕು. ಒಟ್ಟು 6.5, ಮಾತನಾಡುವ ಭಾಗದಲ್ಲಿ 7 ಬೇಕು. ಬಿದ್ದರೆ ಬಹಳಷ್ಟು ಮಂದಿ ಬೀಳುವುದು ಆ 7ರಲ್ಲೇ.

ಮಗಳ ವಯಸ್ಸು ಗಮನದಲ್ಲಿರಲಿ. 21 ತುಂಬಿದರೆ ಅವಳು ನಿಮ್ಮ ಅರ್ಜಿಯಿಂದ ಹೊರಬೀಳುತ್ತಾಳೆ. ಐ-140 ಇಲಾಖೆಯಲ್ಲಿ ಬಾಕಿ ಇದ್ದಷ್ಟು ದಿನವನ್ನು ವಯಸ್ಸಿನಿಂದ ಕಳೆಯುತ್ತಾರೆ, ಸರದಿಯಲ್ಲಿ ಕಾದ ವರ್ಷಗಳನ್ನಲ್ಲ. ಒಮಾನ್ ಸರದಿ ಸಿಕ್ಕರೆ ಈ ಚಿಂತೆ ನಿಮಗಿಲ್ಲ.

ಪ್ರಶ್ನೆ: ಅಳಿಯ ಎಚ್-1ಬಿ ಉದ್ಯೋಗ ವೀಸಾದಲ್ಲಿ, ಮಗಳು ಅವನ ಅವಲಂಬಿತೆಯಾಗಿ ಎಚ್-4 ವೀಸಾದಲ್ಲಿ ನ್ಯೂಜೆರ್ಸಿಯಲ್ಲಿದ್ದಾಳೆ. ಅಲ್ಲಿನ ಆರ್‌ಎನ್ (ನೋಂದಾಯಿತ ನರ್ಸ್) ಲೈಸೆನ್ಸ್ ಸಿಕ್ಕಿದೆ. ಹತ್ತಿರದ ಆಸ್ಪತ್ರೆಯವರು ನಾಳೆಯೇ ಬಾ ಎನ್ನುತ್ತಿದ್ದಾರೆ. ಸೇರಬಹುದೇ? (ಕುಮಟಾ)

ಉತ್ತರ: ಕೈಯಲ್ಲಿ ಕೆಲಸದ ಅನುಮತಿ ಕಾರ್ಡ್ ಇಲ್ಲದೆ ಒಂದು ಶಿಫ್ಟ್ ಕೂಡ ಬೇಡ. ತಾಯಿತಂದೆಗೆ ಇದು ಕಷ್ಟ ಎನಿಸುತ್ತದೆ, ನಮಗೂ ಅರ್ಥವಾಗುತ್ತದೆ. ಆದರೆ ಅನುಮತಿಯಿಲ್ಲದೆ ಮಾಡಿದ ಕೆಲಸ ಮುಂದೆ ಗ್ರೀನ್ ಕಾರ್ಡ್ ಅರ್ಜಿಯಲ್ಲಿ ಎದುರು ಬಂದು ನಿಲ್ಲುತ್ತದೆ.

ಎಚ್-4 ಇದ್ದ ಎಲ್ಲರಿಗೂ ಆ ಕಾರ್ಡ್ ಸಿಗುವುದಿಲ್ಲ. ಅಳಿಯನ ಐ-140 ಮಂಜೂರಾಗಿರಬೇಕು, ಇಲ್ಲವೇ ಅವರ ಎಚ್-1ಬಿ ಆರು ವರ್ಷ ದಾಟಿ ಮುಂದುವರಿದಿರಬೇಕು. ಈ ನಿಯಮ 2015ರ ಮೇ ತಿಂಗಳಿಂದ ಇದೆ. ಅರ್ಹತೆ ಇದ್ದರೆ ಆ ಕಾರ್ಡಿಗೆ ಐ-765 ಅರ್ಜಿ ಹಾಕಿ, ಕಾರ್ಡ್ ಕೈಗೆ ಬಂದ ಮೇಲೆ ಸೇರಲಿ.

ನವೀಕರಣದ ವಿಷಯದಲ್ಲಿ ಹೊಸದೊಂದು ತೊಡಕು ಬಂದಿದೆ. ಮೊದಲು ಸಮಯಕ್ಕೆ ಅರ್ಜಿ ಹಾಕಿದರೆ ಹಳೆಯ ಕಾರ್ಡ್ 540 ದಿನದವರೆಗೆ ತಾನಾಗಿ ಮುಂದುವರಿಯುತ್ತಿತ್ತು. 2025ರ ಅಕ್ಟೋಬರ್ 30ರಿಂದ ಹಾಕಿದ ಅರ್ಜಿಗಳಿಗೆ ಆ ಸೌಲಭ್ಯ ಇಲ್ಲ. ಕಾರ್ಡ್‌ನ ಅವಧಿ ಮುಗಿದು ಹೊಸದು ಬರದಿದ್ದರೆ ಡ್ಯೂಟಿ ನಿಲ್ಲಿಸಲೇಬೇಕು. ಅವಧಿ ಮುಗಿಯುವ 180 ದಿನ ಮೊದಲೇ ಅರ್ಜಿ ಹಾಕಬಹುದು, ಆ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಲಿ.

ಎಚ್-1ಬಿ ಕೊಡಿಸಬಹುದೇ ಎಂದೂ ಕೇಳಿದ್ದೀರಿ. ಸಾಮಾನ್ಯ ವಾರ್ಡ್ ನರ್ಸ್ ಹುದ್ದೆಗೆ ಅದು ಸಿಗುವುದು ಅಪರೂಪ. ಆ ವೀಸಾಕ್ಕೆ ಹುದ್ದೆಯೇ ಪದವಿ ಬೇಡುವಂಥದ್ದಾಗಿರಬೇಕು. ಅಮೆರಿಕದಲ್ಲಿ ಎರಡು ವರ್ಷದ ಕೋರ್ಸ್ ಮಾಡಿದವರೂ ಆರ್‌ಎನ್ ಆಗಬಹುದಾದ್ದರಿಂದ ನಿಮ್ಮ ಮಗಳ ಪದವಿಯನ್ನು ಅಲ್ಲಿ ಲೆಕ್ಕಕ್ಕೆ ಹಿಡಿಯುವುದಿಲ್ಲ.

ಪ್ರಶ್ನೆ: ಕಾರವಾರದವಳು, ಗೋವಾದ ಆಸ್ಪತ್ರೆಯಲ್ಲಿ ಮೂರು ವರ್ಷ ಸ್ಟಾಫ್ ನರ್ಸ್. ನೋಂದಣಿ ಇರುವುದು ಕರ್ನಾಟಕದಲ್ಲಿ ಮಾತ್ರ. ದುಬೈಗೆ ಅರ್ಜಿ ಹಾಕಬೇಕು. ಮಾರ್ಕ್ಸ್ ಕಾರ್ಡಿನಲ್ಲಿ ಇನಿಶಿಯಲ್ ಇದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಹೆಸರು, ಅಡ್ಡಹೆಸರು ಪೂರ್ತಿ ಇದೆ. ತೊಂದರೆಯಾದೀತೇ? (ಕಾರವಾರ)

ಉತ್ತರ: ಆಗುತ್ತದೆ, ಎರಡು ಕಡೆ.

ಮೊದಲನೆಯದು ನೋಂದಣಿ. ನೀವು ಕೆಲಸ ಮಾಡುವ ರಾಜ್ಯದಲ್ಲಿ ನೋಂದಣಿ ಇರಬೇಕು. ಕರ್ನಾಟಕ ಮಂಡಳಿಯಿಂದ ಎನ್‌ಒಸಿ ಪಡೆದು ಗೋವಾ ನರ್ಸಿಂಗ್ ಕೌನ್ಸಿಲ್‌ನಲ್ಲಿ ನೋಂದಾಯಿಸಿ, ತಡ ಮಾಡಬೇಡಿ. ಗಲ್ಫ್ ಅರ್ಜಿಗಳಲ್ಲಿ ಡೇಟಾಫ್ಲೋ ಎಂಬ ಸಂಸ್ಥೆ ನಿಮ್ಮ ಪದವಿ, ನೋಂದಣಿ, ಅನುಭವ ಮೂರನ್ನೂ ಕೊಟ್ಟವರನ್ನೇ ಕೇಳಿ ತಾಳೆ ನೋಡುತ್ತದೆ. ಲೈಸೆನ್ಸ್ ಇಲ್ಲದೆ ಮಾಡಿದ ಅನುಭವ ಪ್ರಶ್ನೆಗೆ ಗುರಿಯಾಗುತ್ತದೆ.

ಅನುಭವ ಪತ್ರವನ್ನು ಒಮ್ಮೆ ಬೆಳಕಿಗೆ ಹಿಡಿದು ಓದಿ. ಸೇರಿದ ತಾರೀಕು, ಬಿಟ್ಟ ತಾರೀಕು, ಹುದ್ದೆ, ವಾರ್ಡ್, ಆಸ್ಪತ್ರೆಯ ಹಾಸಿಗೆಗಳ ಸಂಖ್ಯೆ, ಸಹಿ ಹಾಕಿದವರ ಹೆಸರು, ಹುದ್ದೆ, ಸೀಲು, ಆಸ್ಪತ್ರೆಯ ಸ್ವಂತ ಇಮೇಲ್ ವಿಳಾಸ, ಇಷ್ಟೂ ಇರಬೇಕು. ತಾಲೂಕು ಊರುಗಳ ಸಣ್ಣ ನರ್ಸಿಂಗ್ ಹೋಮ್‌ಗಳ ಪತ್ರಗಳಲ್ಲಿ ಸಾಮಾನ್ಯವಾಗಿ ಕೊನೆಯದೇ ಇರುವುದಿಲ್ಲ. ಆಗ ಪರಿಶೀಲನೆಯ ಮೇಲ್ ಯಾರಿಗೂ ತಲುಪುವುದಿಲ್ಲ, ಉತ್ತರ ಬರುವುದಿಲ್ಲ, ವರದಿ 'ಪರಿಶೀಲಿಸಲಾಗಲಿಲ್ಲ' ಎಂದು ನಿಲ್ಲುತ್ತದೆ. ಅರ್ಜಿ ಹಾಕುವ ಮೊದಲೇ ಆಸ್ಪತ್ರೆಯ ಆಡಳಿತ ಕಚೇರಿಗೆ ಹೋಗಿ, ಇಂಥ ಮೇಲ್ ಬರುತ್ತದೆ, ಉತ್ತರಿಸಿ ಎಂದು ಹೇಳಿ ಬನ್ನಿ. ಅನುಭವದ ವರ್ಷ ಕಡಿಮೆ ಬಿತ್ತೆಂದು ಸುಳ್ಳು ಪತ್ರ ಮಾಡಿಸುವವರಿದ್ದಾರೆ. ಸಿಕ್ಕಿಬಿದ್ದರೆ ನಕಾರಾತ್ಮಕ ವರದಿ ನಿಮ್ಮ ಹೆಸರಿಗೇ ಅಂಟಿಕೊಳ್ಳುತ್ತದೆ.

ಎರಡನೆಯದು ಹೆಸರು. ನಮ್ಮ ಜಿಲ್ಲೆಯಲ್ಲಿ ಇದು ಮನೆಮನೆಯ ಗೋಳು. ಒಂದೇ ನಾಯ್ಕ ಮನೆತನದಲ್ಲಿ ಇಂಗ್ಲಿಷಿನಲ್ಲಿ ಮೂರು ಕಾಗುಣಿತ, ಹೆಗಡೆಗೆ ಒಂದು 'ಡಿ' ಅಥವಾ ಎರಡು. ಕನ್ನಡದಲ್ಲಿ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ ಮನುಷ್ಯರು. ಎಸ್ಸೆಸ್ಸೆಲ್ಸಿಯಿಂದ ನರ್ಸಿಂಗ್‌ವರೆಗೆ ಐದಾರು ಮಾರ್ಕ್ಸ್ ಕಾರ್ಡ್ ತಿದ್ದಿಸುವುದಕ್ಕಿಂತ ಪಾಸ್‌ಪೋರ್ಟನ್ನು ಅವುಗಳಿಗೆ ಹೊಂದುವಂತೆ ಮರುವಿತರಣೆ ಮಾಡಿಸುವುದು ಸುಲಭ. ಇನಿಶಿಯಲ್ ವಿಸ್ತರಣೆಯಷ್ಟೇ ವ್ಯತ್ಯಾಸವಾದರೆ, ಎರಡೂ ಹೆಸರು ಒಬ್ಬರದೇ ಎಂಬ ನೋಟರಿ ಅಫಿಡವಿಟ್ ಅನೇಕ ಕಡೆ ನಡೆಯುತ್ತದೆ. ಲೈಸೆನ್ಸ್ ಪರೀಕ್ಷೆಯ ಕೇಂದ್ರದಲ್ಲಿ ಮಾತ್ರ ನಡೆಯುವುದಿಲ್ಲ. ಬುಕ್ ಮಾಡಿದ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಹೊಂದದಿದ್ದರೆ ಬಾಗಿಲಿನಿಂದಲೇ ವಾಪಸ್ ಕಳಿಸುತ್ತಾರೆ, ಕಟ್ಟಿದ ಹಣವೂ ಹೋಗುತ್ತದೆ.

ಪ್ರಶ್ನೆ: ಕುವೈತ್ ಆಸ್ಪತ್ರೆ ಕೆಲಸಕ್ಕೆ 3 ಲಕ್ಷ ಕೇಳುತ್ತಿದ್ದಾರೆ. ಸದ್ಯ ವಿಸಿಟ್ ವೀಸಾ, ಹೋದ ಮೇಲೆ ಬದಲಾಯಿಸುತ್ತೇವೆ ಎನ್ನುತ್ತಾರೆ. ಪಾಸ್‌ಪೋರ್ಟ್ ಈಗಾಗಲೇ ಅವರ ಹತ್ತಿರ ಇದೆ. (ಅಂಕೋಲಾ)

ಉತ್ತರ: ದಯವಿಟ್ಟು ಕೊಡಬೇಡಿ. ಮೊದಲು ಪಾಸ್‌ಪೋರ್ಟ್ ವಾಪಸ್ ತನ್ನಿ.

ನೋಂದಾಯಿತ ಏಜೆಂಟ್ ನಿಮ್ಮಿಂದ ಪಡೆಯಬಹುದಾದ ಸೇವಾ ಶುಲ್ಕ ಗರಿಷ್ಠ 30,000 ರೂಪಾಯಿ, ಅದರ ಮೇಲೆ ಶೇ. 18 ಜಿಎಸ್‌ಟಿ. ಒಟ್ಟು 35,400, ರಸೀದಿ ಸಮೇತ. ಕುವೈತ್ ಸೇರಿದಂತೆ 18 ದೇಶಗಳಿಗೆ ನರ್ಸ್ ಆಗಿ ಹೋಗುವವರು, ಪಾಸ್‌ಪೋರ್ಟ್ ಯಾವ ಬಗೆಯದೇ ಇರಲಿ, ಭಾರತ ಸರ್ಕಾರದ ವಲಸೆ ಅನುಮತಿ ಪಡೆಯಲೇಬೇಕು. 2015ರಿಂದ ಹೀಗಿದೆ. ಉದ್ಯೋಗದಾತರ ಹೆಸರು, ಸಂಬಳ, ಕರಾರು ಎಲ್ಲ ದಾಖಲಾಗುವುದು ಸರ್ಕಾರದ ಇ-ಮೈಗ್ರೇಟ್ ಪೋರ್ಟಲ್‌ನಲ್ಲೇ. ವಿಸಿಟ್ ವೀಸಾದ ದಾರಿ ಹಿಡಿಸುವುದು ಈ ದಾಖಲೆ ತಪ್ಪಿಸಲಿಕ್ಕೆ. ಅಲ್ಲಿ ಸಂಬಳ ಕೊಡದಿದ್ದರೆ, ಅರ್ಧಕ್ಕೆ ಕೈಬಿಟ್ಟರೆ ತೋರಿಸಲು ನಿಮ್ಮ ಬಳಿ ಕರಾರೇ ಇರುವುದಿಲ್ಲ.

ಏಜೆಂಟನ ಲೈಸೆನ್ಸ್ ಸಂಖ್ಯೆ ಕೇಳಿ ಅದೇ ಪೋರ್ಟಲ್‌ನಲ್ಲಿ ನೋಡಿ. ಸಂಶಯ ಬಂದರೆ ಪ್ರವಾಸಿ ಭಾರತೀಯ ಸಹಾಯ ಕೇಂದ್ರದ ಉಚಿತ ಸಂಖ್ಯೆ 1800 11 3090ಕ್ಕೆ ಫೋನ್ ಮಾಡಿ. ಪಾಸ್‌ಪೋರ್ಟ್ ಕೊಡುವುದಿಲ್ಲ ಎಂದರೆ ಠಾಣೆಗೆ ಹೋಗಿ. ಪಾಸ್‌ಪೋರ್ಟ್ ಭಾರತ ಸರ್ಕಾರದ ಸ್ವತ್ತು, ಅದನ್ನು ಒತ್ತೆ ಇಟ್ಟುಕೊಳ್ಳುವ ಹಕ್ಕು ಏಜೆಂಟನಿಗಿಲ್ಲ.

ಪ್ರಶ್ನೆ: ಬ್ರಿಟನ್‌ಗೆ ಕೇರ್ ವರ್ಕರ್ ಆಗಿ ಹೋಗಿ, ಆಮೇಲೆ ನರ್ಸ್ ಆಗಬಹುದೇ? (ಭಟ್ಕಳ)

ಉತ್ತರ: ಆ ದಾರಿ ಮುಚ್ಚಿದೆ. 2025ರ ಜುಲೈ 22ರಿಂದ ವಿದೇಶದಿಂದ ಹೊಸ ಕೇರ್ ವರ್ಕರ್‌ಗಳನ್ನು ತೆಗೆದುಕೊಳ್ಳುತ್ತಿಲ್ಲ. ನರ್ಸ್ ಆಗಿಯೇ ಅರ್ಜಿ ಹಾಕಿ. ಐಇಎಲ್‌ಟಿಎಸ್‌ನಲ್ಲಿ ಓದು, ಕೇಳು, ಮಾತು ಮೂರರಲ್ಲೂ 7, ಬರವಣಿಗೆಯಲ್ಲಿ 6.5 ಬೇಕು. ಸಿಬಿಟಿ ಎಂಬ ಕಂಪ್ಯೂಟರ್ ಪರೀಕ್ಷೆಯನ್ನು ಇಲ್ಲೇ ಬರೆಯಬಹುದು, ಓಸ್ಕಿ ಎಂಬ ಪ್ರಾಯೋಗಿಕ ಪರೀಕ್ಷೆ ಬ್ರಿಟನ್‌ನಲ್ಲಿ. ಅದರ ಶುಲ್ಕವೇ 794 ಪೌಂಡ್. ಆಸ್ಪತ್ರೆ ಭರಿಸುತ್ತದೆಯೇ, ಬೇಗ ಕೆಲಸ ಬಿಟ್ಟರೆ ವಾಪಸ್ ಕೇಳುತ್ತದೆಯೇ ಎಂಬುದನ್ನು ಸಹಿಗೆ ಮುಂಚೆ ಬರಹದಲ್ಲಿ ಪಡೆಯಿರಿ.

ಪ್ರಶ್ನೆ: ಜರ್ಮನಿಗೆ ಹೋಗಲು ಜರ್ಮನ್ ಭಾಷೆಯ ಬಿ1 ಹಂತ ಮುಗಿಸಿದರೆ ಸಾಕು ಎಂದು ಕೋಚಿಂಗ್‌ನವರು ಹೇಳುತ್ತಾರೆ. ಹೌದೇ? (ಯಲ್ಲಾಪುರ)

ಉತ್ತರ: ಹೊರಡಲು ಸಾಮಾನ್ಯವಾಗಿ ಬಿ1 ಸಾಕು, ಪೂರ್ಣ ನರ್ಸ್ ಎಂಬ ಮಾನ್ಯತೆಗೆ ಅದರ ಮುಂದಿನ ಹಂತ ಬಿ2 ಬೇಕು. ನಡುವಿನ ಕಾಲದಲ್ಲಿ ನೀವು ಸಹಾಯಕ ಶುಶ್ರೂಷಕಿ, ಸಂಬಳ ಕಡಿಮೆ. ನಿಮ್ಮ ಪಠ್ಯಕ್ರಮವನ್ನು ಅಲ್ಲಿನದರೊಂದಿಗೆ ಹೋಲಿಸಿ ಏನೇನು ಕೊರತೆ ಎಂದು ಒಂದು ಆದೇಶ ಕೊಡುತ್ತಾರೆ. ಅದನ್ನು ತುಂಬಲು ಜ್ಞಾನ ಪರೀಕ್ಷೆ ಬರೆಯಬಹುದು, ಇಲ್ಲವೇ ಆಸ್ಪತ್ರೆಯಲ್ಲೇ ಹೊಂದಾಣಿಕೆ ತರಬೇತಿ ಪಡೆಯಬಹುದು. ಬಿ2ನಲ್ಲಿ ನಪಾಸಾಗುತ್ತ ಹೋದರೆ ವೀಸಾದ ಅವಧಿ ಕರಗುತ್ತದೆ. ಆದ್ದರಿಂದ ಸಾಧ್ಯವಾದರೆ ಬಿ2 ಇಲ್ಲೇ ಮುಗಿಸಿ ಹೋಗಿ ಎನ್ನುವುದು ನಮ್ಮ ಸಲಹೆ. ಡ್ಯೂಟಿ ಮುಗಿಸಿ ಬಂದು ಜರ್ಮನ್ ವ್ಯಾಕರಣ ಓದುವುದು ಬಹಳ ಕಷ್ಟ.

ಪ್ರಶ್ನೆ: ನಾನು ಜಿಎನ್‌ಎಂ (ನರ್ಸಿಂಗ್ ಡಿಪ್ಲೊಮಾ) ಓದಿದ ಶಾಲೆ ಮುಚ್ಚಿದೆ. ವಿದೇಶಕ್ಕೆ ಕಳಿಸಬೇಕಾದ ಟ್ರಾನ್ಸ್‌ಕ್ರಿಪ್ಟ್ (ಅಂಕ ಮತ್ತು ಪಾಠದ ಗಂಟೆಗಳ ವಿವರ) ಎಲ್ಲಿಂದ ತರಲಿ? (ಸಿದ್ದಾಪುರ)

ಉತ್ತರ: ಶಾಲೆ ನಡೆಸುತ್ತಿದ್ದ ಟ್ರಸ್ಟ್ ಇನ್ನೂ ಇದ್ದರೆ ಮೊದಲು ಅಲ್ಲಿ ವಿಚಾರಿಸಿ, ಹಾಜರಿ ಮತ್ತು ಕ್ಲಿನಿಕಲ್ ದಾಖಲೆಗಳು ಅವರ ಬಳಿಯೇ ಉಳಿದಿರುತ್ತವೆ. ಅಂಕಗಳಿಗೆ ಬೆಂಗಳೂರಿನ ಡಿಪ್ಲೊಮಾ ನರ್ಸಿಂಗ್ ಪರೀಕ್ಷಾ ಮಂಡಳಿ, ನೋಂದಣಿಗೆ ರಾಜ್ಯ ನರ್ಸಿಂಗ್ ಕೌನ್ಸಿಲ್. ಶಾಲೆ ಮುಚ್ಚಿದೆ, ದಾಖಲೆ ಇರುವುದು ನಮ್ಮಲ್ಲಿ ಎಂದು ಅವರಲ್ಲೊಬ್ಬರು ಲೆಟರ್‌ಹೆಡ್‌ನಲ್ಲಿ ಬರೆದುಕೊಡಬೇಕು. ಮೆಡಿಕಲ್–ಸರ್ಜಿಕಲ್, ಹೆರಿಗೆ, ಮಕ್ಕಳ, ಮಾನಸಿಕ ಆರೋಗ್ಯ, ಈ ನಾಲ್ಕರ ಪಾಠದ ಗಂಟೆ ಮತ್ತು ವಾರ್ಡಿನ ಗಂಟೆ ಬೇರೆ ಬೇರೆಯಾಗಿ ಇರಲಿ, ಒಟ್ಟುಗೂಡಿಸಿ ಬರೆದರೆ ವಾಪಸ್ ಬರುತ್ತದೆ. ಲಕೋಟೆಯನ್ನು ಅವರೇ ಅಂಟಿಸಿ, ಅಂಟಿನ ಮೇಲೆ ಸೀಲು ಹೊಡೆದು, ಅವರೇ ಅಂಚೆಗೆ ಹಾಕಬೇಕು. ಅಂಚೆ ಖರ್ಚು ನೀವು ಕೊಡಿ, ಲಕೋಟೆ ಮಾತ್ರ ನಿಮ್ಮ ಕೈಗೆ ಬರಬಾರದು.