ನಾಯಿ ಕೊಡಬೇಡಿ, ಇಟ್ಟುಕೊಳ್ಳಲೂ ಬೇಡಿ

ಪ್ರಶ್ನೆ: ನನಗೆ 54 ವರ್ಷ. ನಾಲ್ಕು ಮನೆಯಾಚೆ ಇದ್ದ ಹುಡುಗಿ ಗಂಡನ ಹೊಡೆತ ತಾಳಲಾರದೆ ಒಂದು ರಾತ್ರಿ ಎರಡು ಮಕ್ಕಳನ್ನು ಕಟ್ಟಿಕೊಂಡು ಮನೆ ಬಿಟ್ಟಳು. ಹೋದ ಕಡೆ ನಾಯಿಗೆ ಜಾಗವಿರಲಿಲ್ಲ. ‘ಅಕ್ಕಾ, ಎರಡು ವಾರ ನೋಡ್ಕೋರಿ’ ಅಂದಳು. ಒಪ್ಪಿದೆ. ಈಗ ನಾಲ್ಕು ತಿಂಗಳಾಯಿತು. ಅವಳ ಗಂಡ ಎರಡು ಸಲ ಬಾಗಿಲಿಗೆ ಬಂದಿದ್ದಾನೆ. ‘ನಾಯಿ ನಂದದ, ಕೊಡ್ರಿ. ಇಲ್ಲಾಂದ್ರ ಅಕಿ ಎಲ್ಲಿದ್ದಾಳ ಹೇಳ್ರಿ’ ಅನ್ನುತ್ತಾನೆ. ನಮ್ಮ ಯಜಮಾನರು ‘ಮಂದಿ ಮನಿ ಜಗಳ ನಮಗ್ಯಾಕ’ ಅಂತ ಗೊಣಗುತ್ತಾರೆ. ಅವಳ ಮಕ್ಕಳು ನಾಯಿಯ ಫೋಟೊ ಕೇಳುತ್ತಾರೆ. ಇನ್ನೊಂದು ನಿಜ ಹೇಳಬೇಕು. ಮಗ ಪುಣೆಗೆ ಹೋದ ಮೇಲೆ ಬಿಕೋ ಅನ್ನುತ್ತಿದ್ದ ಮನೆ ಈಗ ತುಂಬಿದೆ. ಬೇರೆ ಊರಿನ ನನ್ನ ತಂಗಿ ‘ನನ್ನ ಹತ್ತಿರ ಕಳಿಸು’ ಅಂದರೂ ಮನಸ್ಸಾಗಲಿಲ್ಲ. ನಾಳೆ ಆ ಹುಡುಗಿ ವಾಪಸ್ ಕೇಳಿದರೆ ಏನಾದರೂ ನೆಪ ಹೇಳಿಬಿಡುತ್ತೇನೇನೋ ಅಂತ ನನಗೇ ಭಯ.
– ಹೆಸರು ಬೇಡ, ಕಲಬುರಗಿ

ಉತ್ತರ: ಅಕ್ಕಾ, ನಿಮ್ಮ ಪತ್ರದಲ್ಲಿದ್ದ ನಾಯಿಯ ಹೆಸರು, ಬಣ್ಣ, ಓಣಿ, ತಂಗಿಯ ಊರು ಎಲ್ಲ ತೆಗೆದಿದ್ದೇನೆ. ಮನೆಗಳ ಲೆಕ್ಕ, ಮಕ್ಕಳ ಲೆಕ್ಕವನ್ನೂ ಬದಲಿಸಿದ್ದೇನೆ. ನೀವೂ ಇನ್ನು ಮುಂದೆ ಅಷ್ಟೇ ಹುಷಾರಾಗಿರಬೇಕು.

ಅವನಿಗೆ ನಾಯಿ ಬೇಕಾಗಿದ್ದರೆ ನಾಯಿಯನ್ನಷ್ಟೇ ಕೇಳುತ್ತಿದ್ದ. ‘ಇಲ್ಲಾಂದ್ರ’ ಅಂದನಲ್ಲ, ಅಲ್ಲೇ ಗೊತ್ತಾಯಿತು. ನಾಯಿ ಅವನ ಕೈಗೆ ಸಿಕ್ಕರೆ ಅವಳನ್ನು ಬಗ್ಗಿಸಲು ಒಂದು ಫೋನ್ ಸಾಕು. ಸಾಕಿದ ಜೀವವನ್ನು ಬಿಟ್ಟು ಹೋಗಲಾಗದೆ ಪೆಟ್ಟು ತಿನ್ನುತ್ತಾ ಅಲ್ಲೇ ಉಳಿಯುವ ಹೆಂಗಸರಿದ್ದಾರೆ. ಈಕೆ ಹೊಸ್ತಿಲು ದಾಟಲು ನಿಮ್ಮ ‘ಹೂಂ’ ಕೂಡ ಒಂದು ಕಾರಣ. ಕೊಡುವ ಮಾತೇ ಇಲ್ಲ.

ಬಾಗಿಲಲ್ಲಿ ನಿಂತು ವಾದಕ್ಕಿಳಿಯಬೇಡಿ. ‘ಏನಿದ್ರೂ ಪೊಲೀಸರ ಮುಂದ ಮಾತಾಡೋಣ್ರಿ’ ಅಂದು ಬಾಗಿಲು ಹಾಕಿಕೊಳ್ಳಿ. ದನಿ ಏರಿಸಿದರೆ 112ಕ್ಕೆ ಫೋನ್ ಮಾಡಿ. ಮಹಿಳಾ ಸಹಾಯವಾಣಿ 181. ಅವನು ಬಂದ ದಿನ, ಹೊತ್ತು, ಆಡಿದ ಮಾತು ಒಂದು ವಹಿಯಲ್ಲಿ ಬರೆದಿಡಿ. ಮತ್ತೆ ಯಜಮಾನರಿಗೆ ಇದನ್ನು ಓದಿ ಹೇಳಿ: 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯಲ್ಲಿ ನಾಯಿ ಬೆಕ್ಕಿನ ಮಾತಿಲ್ಲ, ನಿಜ. ಆದರೆ ಅದರ 18ನೇ ಕಲಂ ಪ್ರಕಾರ ಮ್ಯಾಜಿಸ್ಟ್ರೇಟರು ಕೊಡುವ ರಕ್ಷಣಾ ಆದೇಶದಲ್ಲಿ, ಹೆಂಗಸಿಗೆ ನೆರವಾದವರ ತಂಟೆಗೂ ಹೋಗದಂತೆ ಗಂಡನನ್ನು ತಡೆಯಬಹುದು. ಅದಕ್ಕೆ ಅವಳು ಅರ್ಜಿ ಹಾಕಬಹುದು, ಅವಳ ಪರವಾಗಿ ಸಂರಕ್ಷಣಾಧಿಕಾರಿಯೂ ಹಾಕಬಹುದು. ನಮ್ಮ ರಾಜ್ಯದಲ್ಲಿ ಆ ಕೆಲಸ ಸಿಡಿಪಿಒಗಳದು, ಅಂದರೆ ಶಿಶು ಅಭಿವೃದ್ಧಿ ಯೋಜನಾಧಿಕಾರಿಗಳದು.

ಈಗ ನಿಮಗೆ ಹಿಡಿಸದ ಮಾತು. ಆ ನಾಯಿ ನಿಮ್ಮ ಮನೆಯಲ್ಲಿ ಇರಬಾರದು.

ಬೊಗಳಿದರೆ ಅವನಿಗೆ ಕೇಳಿಸುವಷ್ಟು ಹತ್ತಿರ ಇದೆ. ನಾಯಿ ಅಲ್ಲಿದ್ದಷ್ಟು ದಿನ, ಅವಳು ಎಂದಾದರೂ ಅದೇ ಬಾಗಿಲಿಗೆ ಬರುತ್ತಾಳೆ ಅಂತ ಅವನು ಸುಮ್ನೆ ಕಾದು ಕೂತರಾಯಿತು. ಬ್ರಿಟನ್ನಿನಲ್ಲಿ ಡಾಗ್ಸ್ ಟ್ರಸ್ಟ್ ಎಂಬ ಸಂಸ್ಥೆ 2004ರಿಂದ ಇದೇ ಕೆಲಸ ಮಾಡುತ್ತಿದೆ. ಹೀಗೆ ಮನೆ ಬಿಟ್ಟವರ ನಾಯಿಗಳನ್ನು ಸ್ವಯಂಸೇವಕರು ತಮ್ಮ ಮನೆಯಲ್ಲಿ ಸಾಕುತ್ತಾರೆ, ಖರ್ಚು ಸಂಸ್ಥೆಯದು. ನಾಯಿ ಯಾರ ಮನೆಯಲ್ಲಿದೆ ಅಂತ ಒಡತಿಗೆ ಹೇಳುವುದಿಲ್ಲ, ಒಡತಿ ಎಲ್ಲಿದ್ದಾಳೆ ಅಂತ ಸಾಕುವವರಿಗೆ ಹೇಳುವುದಿಲ್ಲ. ಸುದ್ದಿಯೆಲ್ಲ ಸಂಸ್ಥೆಯ ಮೂಲಕವೇ. ಗೊತ್ತೇ ಇಲ್ಲದ್ದನ್ನು ಯಾರು ಬಾಯಿ ಬಿಡಿಸಲಾದೀತು, ಅಲ್ವಾ? ನಮ್ಮ ಓಣಿಗಳಲ್ಲಿ ಸಾರಿಗೆ ಒಗ್ಗರಣೆ ಹಾಕಿದರೂ ಪಕ್ಕದ ಮನೆಗೆ ಗೊತ್ತಾಗುತ್ತದೆ.

ಹಾಗಾಗಿ ತಂಗಿಯ ಮನೆಗೆ ಕಳಿಸಿ. ಮೊದಲು ಆ ಹುಡುಗಿಯನ್ನು ಕೇಳಿ, ನಾಯಿ ಅವಳದು. ಊರಿನ ಹೆಸರು ಮಕ್ಕಳ ಕಿವಿಗೆ ಬೀಳುವುದು ಬೇಡ. ಮಕ್ಕಳು ಸುಳ್ಳು ಹೇಳುವುದಿಲ್ಲ, ಅದೇ ತೊಂದರೆ. ಬೆಳಗಿನ ಜಾವವೇ ಕಾರಿನಲ್ಲಿ ಹೊರಡಿ. ಮೇ ತಿಂಗಳಲ್ಲಿ 42 ಡಿಗ್ರಿ ದಾಟುವ ಊರು ನಮ್ಮದು, ಬಿಸಿಲೂ ತಪ್ಪುತ್ತದೆ, ಓಣಿಯ ಕಣ್ಣೂ ತಪ್ಪುತ್ತದೆ. ರೇಬೀಸ್ ಲಸಿಕೆಯ ಚೀಟಿ ಜೊತೆಗಿರಲಿ.

ಫೋಟೊ ಕಳಿಸಿ, ಮಕ್ಕಳಿಗೆ ಅದು ಬೇಕು. ಆದರೆ ಫೋನಿನಲ್ಲಿ ಲೊಕೇಶನ್ ಆಫ್ ಮಾಡಿ ತೆಗೆಯಲು ತಂಗಿಗೆ ಹೇಳಿ. ಗೇಟು, ತುಳಸಿಕಟ್ಟೆ, ಎದುರು ಮನೆ ಯಾವುದೂ ಕಾಣಬಾರದು. ನೆಲದ ಶಹಾಬಾದ ಕಲ್ಲು ಕಂಡರೆ ಕಾಣಲಿ ಬಿಡಿ. ನಮ್ಮ ಕಡೆ ಅದು ಯಾರ ಮನೆಯಲ್ಲಿಲ್ಲ? ಸ್ಟೇಟಸ್‌ಗೆ ಮಾತ್ರ ಖಂಡಿತ ಹಾಕಬಾರದು.

ಇನ್ನು ನಿಮ್ಮ ಭಯ. ನಾಲ್ಕು ತಿಂಗಳು ರೊಟ್ಟಿ ಮುರಿದು ಹಾಕಿದ ಕೈ, ಕೊಡುವಾಗ ಹಿಂಜರಿಯದೆ ಇರುತ್ತದೆಯೇ? ಅದು ಪಾಪವಲ್ಲ. ಆದರೆ ತಂಗಿ ಕೇಳಿದಾಗ ಬೇಡ ಅಂದಿದ್ದು ನಾಯಿಗಾಗಿಯೋ ನಿಮಗಾಗಿಯೋ, ನೀವೇ ಯೋಚಿಸಿ. ಕನ್ನಡದ ಆಫೀಸುಗಳಲ್ಲಿ ಅಮಾನತು ಅಂದರೆ ನೌಕರಿಗೆ ಕುತ್ತು. ನಿಮ್ಮ ಊರಿನ ಉರ್ದುವಿನಲ್ಲಿ ಅಮಾನತ್ ಅಂದರೆ ನಂಬಿ ಒಪ್ಪಿಸಿದ ಗಂಟು. ಅದು ಮುಂದೆ ಎಲ್ಲಿರುತ್ತದೆ ಅಂತ ಹೇಳಬೇಕಾದವಳು ಅವಳು.

ನಿಮ್ಮ ಮನೆ ಮಾತ್ರ ಈ ಕೆಲಸಕ್ಕೆ ತುಂಬಾ ಒಳ್ಳೆಯದು, ಬೇರೆ ಓಣಿಯ ಇನ್ಯಾರದೋ ನಾಯಿಗೆ. ದೌರ್ಜನ್ಯಕ್ಕೆ ಸಿಕ್ಕ ಹೆಂಗಸರಿಗೆ ನೆರವಾಗುವ ಸರ್ಕಾರದ ಸಖಿ ಕೇಂದ್ರ ಜಿಲ್ಲೆಯಲ್ಲಿದೆ, ಅಲ್ಲಿ ನಿಮ್ಮ ನಂಬರ್ ಕೊಟ್ಟಿಡಿ. ಅಲ್ಲಿ ಸಾಮಾನ್ಯವಾಗಿ 5 ದಿನದ ತನಕ ಇರಲು ಬಿಡುತ್ತಾರೆ. ಅಷ್ಟರಲ್ಲಿ ಮುಂದಿನ ದಾರಿ ಹುಡುಕಬೇಕಾದವಳಿಗೆ ಒಂದು ಚಿಂತೆಯಾದರೂ ಕಡಿಮೆಯಾಗುತ್ತದೆ. ಈ ಸಲ ಒಂದು ಷರತ್ತು ಹಾಕಿ: ಅವಳ ವಿಳಾಸ ನಿಮಗೆ ಬೇಡ.

ಹಾಂ, ನಾಯಿ ಮಲಗುವ ಕೌದಿಯನ್ನೂ ಕಾರಿಗೆ ಹಾಕಿ. ನಾಚಿಕೆಯಾಗುತ್ತದೆ ಅಂತ ತೊಳೆಯಲು ಹೋಗಬೇಡಿ. ಹೊಸ ಮನೆಯಲ್ಲಿ ಮೊದಲ ರಾತ್ರಿ ನಿದ್ದೆ ಬರಲು ಅದಕ್ಕೆ ಆ ಹಳೇ ವಾಸನೆಯೇ ಬೇಕು.